ನೀರಿನ ಭವಿಷ್ಯ ಮತ್ತು ಅಕ್ಕನ ಕುಬಸ

ಗಜೇಂದ್ರಗಡದ ನಮ್ಮ ಓಣಿಯ ನಲ್ಲಿಗೆ ನೀರು ಯಾವಾಗ ಬರುತ್ತದೆಂಬುದು ದೇವರಿಗೂ ತಿಳಿಯದ ವಿಷಯವೆಂದು ಹಿರಿಯರು ನಂಬಿದ್ದರು. ದೇವರು ಡೇಟಾ ಸೈನ್ಸ್ ಓದಿರಲಿಲ್ಲ. ನಾನು ಓದಿದ್ದೆ.

ಓಣಿಯ ಹೆಂಗಸರ ಮೊಬೈಲ್ ಗುಂಪಿನಲ್ಲಿ ‘ನೀರು ಬಂತ್ರೆವ್ವಾ’ ಎಂಬ ಸಂದೇಶ ಬಂದ ದಿನ, ಗಳಿಗೆಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದೆ. ಅದು ಮುಂದಿನ ಸರದಿಯನ್ನು ಹೇಳತೊಡಗಿತು. ಹೇಳಿದ್ದೆಲ್ಲ ನಿಜವಾಯಿತು! ಎದುರುಮನೆಯ ಶಾಂತಕ್ಕ ನಮ್ಮ ಕಟ್ಟೆಗೆ ಬಂದು, “ಯವ್ವಾ, ನಿನ್ನ ಮಷೀನು ಏನ ಅಂತೈತಿ?” ಎಂದು ಕೇಳುವಷ್ಟು ನನ್ನ ಕೀರ್ತಿ ಹಬ್ಬಿತು.

ಅಷ್ಟರಲ್ಲಿ ಬಸುರಿ ಅಕ್ಕನ ಕುಬಸ ಬಂತು. ತವರಿನ ಹಸಿರು ಸೀರೆ, ಬಳೆ, ಓಣಿಗೆಲ್ಲ ಊಟ.

“ಗುರುವಾರ ನೀರು ಖರೇನ ಬರತೈತೇನು?” ಅವ್ವ ಕೇಳಿದಳು.

“ಬೆಳಿಗ್ಗೆ ಆರಕ್ಕೆ,” ಎಂದು ತೀರ್ಪು ಕೊಟ್ಟೆ.

ಹೊಸ ನೀರು ಬರುವ ಮುನ್ನ ಹಳೆಯ ನೀರು ಮನೆಯಲ್ಲಿ ಉಳಿಯಬಾರದು. ನಮ್ಮ ಕಡೆ ಇದು ಧರ್ಮ. ಬುಧವಾರವೇ ಅವ್ವ ಕೌದಿ ಒಗೆದಳು, ಹಂಡೆ ತಿಕ್ಕಿದಳು, ತೊಟ್ಟಿ ತೊಳೆದಳು. ನನ್ನನ್ನು ನಂಬಿ ಇಡೀ ಓಣಿಯೇ ಬರಿದಾಯಿತು!

ಗುರುವಾರ ಆರು ಗಂಟೆ. ನಲ್ಲಿ ಒಮ್ಮೆ ಕೆಮ್ಮಿತು. ಅಷ್ಟೇ.

ಎಂಟಾಯಿತು. ಅಡುಗೆಯವರು ತೊಳೆಯದ ಅಕ್ಕಿಯ ಮುಂದೆ ಕೈಕಟ್ಟಿ ಕೂತರು. ಶಾಂತಕ್ಕ ಖಾಲಿ ಕೊಡ ಹೊತ್ತು ಬಂದಳು.

“ಮಾದರಿಯಲ್ಲಿ ಅಲ್ಪ ದೋಷವಿರಬಹುದು,” ಎಂದೆ.

“ದೋಷ ಇರ್ಲಿ ಬಿಡವಾ. ಒಂದ ತಂಬಿಗಿ ನೀರ ಐತೇನು?”

ಇರಲಿಲ್ಲ.

ಆಗ ಇಸ್ತ್ರಿ ಅಂಗಿ ತೊಟ್ಟು ಒಳಗೆ ಬಂದವರು ಬಸಣ್ಣ. ಓಣಿಗೆ ನೀರು ಬಿಡುವವರು. ಕುಬಸಕ್ಕೆ ಅವ್ವನೇ ಕರೆದಿದ್ದಳು.

“ಬಸಣ್ಣಾ, ನೀರು?” ಅವ್ವ ಖಾಲಿ ಹಂಡೆ ತೋರಿಸಿದಳು.

“ಇವತ್ತ ಬಿಟ್ಟಿಲ್ರಿ ಅಕ್ಕಾರ. ಬಿಟ್ರ ಹೆಣ್ಮಕ್ಕಳೆಲ್ಲಾ ಕೊಡಾ ತಗೊಂಡು ಓಡ್ತಾರ. ನಿಮ್ಮ ಮಗಳಿಗೆ ಆರತಿ ಯಾರ ಮಾಡ್ಬೇಕ್ರಿ? ನಾಳಿಗಿ ಇಟ್ಟೀನಿ.”

ಇಂಥ ಪ್ರೀತಿಗೆ ನನ್ನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ! ಈಗಲೇ ಬಿಡಿರೆಂದು ಅವ್ವ ಕೈಮುಗಿದಳು. ಬಸಣ್ಣ ಬಂದ ಬೈಕಿನಲ್ಲೇ ತಿರುಗಿ ಹೋದರು.

ನೀರಿಗೆ ಕಾಯುತ್ತಲೇ ಅಕ್ಕನನ್ನು ಮಣೆಯ ಮೇಲೆ ಕೂರಿಸಿದೆವು. ಶಾಂತಕ್ಕ ಆರತಿ ಎತ್ತಿದಳು. ಅದೇ ಗಳಿಗೆಗೆ ಹೊರಗೆ ನಲ್ಲಿ ಭರ್ರೆಂದಿತು! ಆರತಿ ತಟ್ಟೆ ನನ್ನ ಕೈಗೆ ಬಂತು. ಇಳಕಲ್ ಸೀರೆಗಳೆಲ್ಲ ಬಾಗಿಲ ಆಚೆ. ಅವ್ವನೂ!

ಬಳೆ ತುಂಬಿದ ಕೈಯಿಂದ ಹೊಟ್ಟೆ ಹಿಡಿದುಕೊಂಡು ಅಕ್ಕ ನಕ್ಕಳು. “ಲೇ ಶಾಣ್ಯಾಕಿ, ಇವ್ರೆಲ್ಲಾ ಯಾವಾಗ ತಿರಗಿ ಬರ್ತಾರ ಅಂತ ನಿನ್ನ ಮಷೀನಿಗೆ ಕೇಳು.”

ತಟ್ಟೆಯನ್ನು ಅವಳ ಮುಂದಿಟ್ಟು ನಾನೂ ಕೊಡ ಎತ್ತಿಕೊಂಡು ಓಡಿದೆ. ನೀರು ಬರುವ ಗಳಿಗೆಯನ್ನು ಬಲ್ಲ ಓಣಿಯ ಏಕೈಕ ಪಂಡಿತೆ ಪಾಳಿಯಲ್ಲಿ ಕೊನೆಯವಳಾಗಿ ನಿಂತಳು.