ನನ್ನ ಕಾಲಿನ ನರಕ್ಕೆ ಕರೆಂಟು ಕೊಟ್ಟದ್ದು

ಹುಣಸೂರು ರಸ್ತೆಗೆ ಟಾರು ಹಾಕಿದ ದಿನ, ಅದು ಇನ್ನೂ ಕುದೀತಿದ್ದಾಗಲೇ, ಇಲವಾಲದಿಂದ ಮೈಸೂರಿಗೆ ಬರಿಗಾಲಲ್ಲಿ ನಡೆದು ಬಂದವನು ನಾನು. ಕಣ್ಣಾರೆ ಕಂಡವರು ನಾಲ್ವರಿದ್ದರು, ನಾಲ್ವರೂ ತೀರಿಕೊಂಡರು. ಆ ಟಾರನ್ನೂ ಅಗೆದು ಬಿಸಾಕಿದರು. ಅಂಥಾ ಕಾಲು ಇದು. ಮಿಕ್ಕವರ ಕಾಲು ಸುಮ್ಮನೆ ನಡೆಯುತ್ತೆ; ನನ್ನದು ಒಂದಲ್ಲ ಒಂದು ಪ್ರಸಂಗ ತಂದಿಡುತ್ತಲೇ ಇರುತ್ತೆ.

ಮೊಳೆ

ತೊಂಬತ್ತರ ದಶಕದ ಕೊನೇಲಿ ಸರಸ್ವತಿಪುರಂ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಿದ್ದೆ. ಸಕ್ಕರೆ ಕಾಯಿಲೆ ಹಳೇದು. ಪಾದದೊಳಗೆ ಇರುವೆ ಹರಿದಾಡಿದಂಗೆ ಶುರುವಾಯಿತು. ಕೂತರೆ ಉರಿ, ನಿಂತರೆ ಜೋಮು. ಗಾಡಿಯಿಂದ ಇಳಿಯೋದು, ಕಾಲು ಒದರೋದು, ಮತ್ತೆ ಹತ್ತೋದು. ಬಾಡಿಗೆಗೆ ಬಂದ ಮೇಷ್ಟ್ರೊಬ್ಬರು ಬೇಸತ್ತು, "ಏನ್ರೀ, ಹೊರಡ್ತೀರೋ ಕುಣೀತಾನೇ ಇರ್ತೀರೋ?" ಅಂದರು.

ಒಂದು ಸಂಜೆ ಮನೇಲಿ ಓಡಾಡುತ್ತಿದ್ದೆ. "ರೀ, ಟಕ್ ಟಕ್ ಅಂತ ಅದೇನು ಸದ್ದು?" ಅಂದಳು ಹೆಂಡತಿ. ಕಾಲೆತ್ತಿ ನೋಡಿದರೆ ಹಿಮ್ಮಡಿಯಲ್ಲಿ ಮೊಳೆ!

"ಯಾವಾಗ ಚುಚ್ಚಿಸ್ಕೊಂಡ್ರಿ?"

"ಆ ಮೊಳೇನೇ ಕೇಳ್ಬೇಕು."

ಅವಳು ನಗಲಿಲ್ಲ. ಆಟೋ ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಾಲಿಗೇ ಗ್ಯಾನ ಇಲ್ಲ, ಜನರನ್ನ ಕೂರಿಸ್ಕೊಂಡು ಹೋಗ್ತೀರಾ? ಡಾಕ್ಟ್ರು ಹೂಂ ಅನ್ನೋವರೆಗೂ ಇದು ನನ್ನ ಹತ್ರಾನೇ."

ಬಿಸಿ ಟವೆಲ್ಲು

ಡಾಕ್ಟರು ನರದ ಪರೀಕ್ಷೆಗೆ ಬರೆದುಕೊಟ್ಟರು. ಅಲ್ಲಿದ್ದ ಹುಡುಗಿ ನನ್ನ ಪಾದ ಮುಟ್ಟಿ, "ತಾತ, ತಣ್ಣಗಿದೆ. ಕಾಲು ತಣ್ಣಗಿದ್ರೆ ನರ ನಿಜಕ್ಕಿಂತ ನಿಧಾನ ಅಂತ ಮಿಷನ್ನು ತೋರಿಸ್ಬಿಡುತ್ತೆ," ಅಂತ ಬಿಸಿ ಟವೆಲ್ಲು ಸುತ್ತಿದಳು. ಧಾರೆ ಎರೆದಾಗ ನನ್ನ ಮಾವ ಕೂಡ ಈ ಕಾಲಿಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಆಮೇಲೆ ತಂತಿ ಅಂಟಿಸಿದಳು. ನನಗೋ ಕೂತಲ್ಲಿ ಕೂರಲಾಗದು. "ಬೇಗ ಶುರು ಮಾಡಮ್ಮ, ಇನ್ನೂ ಎಷ್ಟೊತ್ತು ಕಾಯಿಸ್ತೀಯ?" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ತಾತ, ಕರೆಂಟು ಕೊಡೋಕೆ ಶುರು ಮಾಡಿ ಐದು ನಿಮಿಷ ಆಯ್ತು."

ಆರಕ್ಕೆ ಒಂಬತ್ತು

ರಿಪೋರ್ಟು ಕೈಗೆ ಬಂತು. ಇಂಗ್ಲಿಷು ನನಗೆ ಬರದು. ಅಂಕಿ ಮಾತ್ರ ಮೀಟರು ಕಲಿಸಿದೆ. ಸ್ಟ್ಯಾಂಡಿನಲ್ಲಿ ಪಿಯುಸಿ ಓದಿದ ಡ್ರೈವರೊಬ್ಬ ಬೆರಳಿಟ್ಟು, "ಇಲ್ಲಿ ಆರರ ತನಕ ಸರಿ ಅಂತಿದೆ. ನಿಮ್ದು ಒಂಬತ್ತು," ಅಂದ.

ಬೇಕಾದದ್ದಕ್ಕಿಂತ ಮೂರು ಜಾಸ್ತಿ! ಎಲ್ಲರಿಗೂ ಕಾಫಿ ಕುಡಿಸಿ, ಎದೆಯುಬ್ಬಿಸಿಕೊಂಡು ಡಾಕ್ಟರ ಹತ್ತಿರ ಹೋದೆ.

"ಯಜಮಾನ್ರೇ, ಇದು ಮಾರ್ಕ್ಸ್ ಅಲ್ಲ," ಅಂದರು ಅವರು. "ಸುದ್ದಿ ನರದಲ್ಲಿ ಹೋಗಿ ಮುಟ್ಟೋಕೆ ತಗೊಂಡ ಹೊತ್ತು. ಆರು ನಿಮಿಷಕ್ಕೆ ಬರಬೇಕಾದ ಸಿಟಿ ಬಸ್ಸು ಒಂಬತ್ತಕ್ಕೆ ಬಂದರೆ ಏನಂತೀರಿ?"

"ನಮ್ಮ ಮನೆ ಇರೋ ಉದಯಗಿರೀಲಾದ್ರೆ ಹಾರ ಹಾಕ್ತೀವಿ ಸ್ವಾಮಿ."

ಅವರು ನಕ್ಕರು, ಆದರೆ ಬಿಡಲಿಲ್ಲ. "ನರ ಸತ್ತಿಲ್ಲ, ಸೊರಗಿದೆ. ಈ ಕಾಗದ ಒಂದನ್ನೇ ನೋಡಿ ತೀರ್ಮಾನ ಮಾಡಲ್ಲ. ನಿಮ್ಮ ಸಕ್ಕರೆ, ನಿಮ್ಮ ಪಾದ ಎಲ್ಲಾ ಸೇರಿಸಿ ನೋಡಬೇಕು. ಸಕ್ಕರೆ ಹತೋಟಿಗೆ ತನ್ನಿ, ದಿನಾ ಅಂಗಾಲು ನೋಡ್ಕೊಳ್ಳಿ. ಅಲ್ಲೀವರೆಗೂ ಆಟೋ ಬೇಡ."

ಕಾಲಡಿಯ ನಾಲ್ಕಾಣೆ

ಮೂರು ತಿಂಗಳು ಸಪ್ಪೆ ಕಾಫಿ, ಮುದ್ದೆ, ಮಾತ್ರೆ. ಆಟೋ ಮನೆ ಮುಂದೆ ನಿಂತು ಧೂಳು ತಿನ್ನುತ್ತಿತ್ತು. ನಾನು ಅದರ ಸುತ್ತ ದಿನಕ್ಕೆ ನಲವತ್ತು ಪ್ರದಕ್ಷಿಣೆ ಹಾಕುತ್ತಿದ್ದೆ. ಒಂದು ಭಾನುವಾರ ಇನ್ನು ತಡೆಯಲಾಗಲಿಲ್ಲ. ಅಂಗಡಿಗೆ ಹೋಗಿ ಬಂದವನೇ ಬಾಗಿಲಲ್ಲೇ ನಿಂತೆ. ಒಳಗೆ ಅಳಿಯ ಬೇರೆ ಬಂದು ಕೂತಿದ್ದ.

"ಬೀಗದ ಕೈ ಕೊಡೇ," ಅಂದೆ. "ಕಾಲು ವಾಸಿಯಾಗ್ಬುಟ್ಟಿದೆ. ಈಗ ದಾರೀಲಿ ನಾಲ್ಕಾಣೆ ತುಳಿದೆ. ಬಗ್ಗಿ ನೋಡ್ಲೇ ಇಲ್ಲ. ಮೇಲಿರೋದು ಸಿಂಹಾನೋ ಅಂಕೀನೋ ಅಂತ ಅಂಗಾಲೇ ಹೇಳ್ಬುಡ್ತು!"

"ಏನಿತ್ತು ಮಾವ?" ಅಂದ ಅಳಿಯ.

"ಸಿಂಹ. ಮೂರು ತಲೇನೂ ಎಣಿಸಿದೆ."

ಹೆಂಡತಿಯ ಕೈ ಸೊಂಟದ ಹತ್ತಿರ ಹೋಯಿತು. ಕೊಟ್ಟೇಬಿಡುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಅವಳ ಕಣ್ಣು ಹೊಸಲಿಗಿಳಿಯಿತು.

"ಸಿಂಹ ಇರ್ಲಿ. ಎಡಗಾಲಿನ ಚಪ್ಪಲಿ ಎಲ್ಲಿ ಬಿಟ್ಟು ಬಂದ್ರಿ?"

ಬಗ್ಗಿ ನೋಡಿದೆ. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರೀ ಮಣ್ಣು. ಬೀಗದ ಕೈ ಮತ್ತೆ ಸೊಂಟ ಸೇರಿತು.

ಹೆಗಲು ಕುಣಿಸಿದೆ. "ಬುಡೇ, ಬ್ರೇಕು ಇರೋದು ಬಲಗಾಲಿಗೆ."