ಲಾಭಕ್ಕೆ ಬಂದ ನಾರಿನ ನಿಗಮ

ನಷ್ಟದಲ್ಲಿರುವ ನಿಗಮದ ನೌಕರರಿಗೆ ಹೊಸ ಸಂಬಳ ಕೇಳುವ ಹಕ್ಕಿಲ್ಲ ಎಂದು ಮೇಲಿನವರು ಹೇಳಿದಂದಿನಿಂದ ಅರಸೀಕೆರೆಯ ಸರ್ಕಾರಿ ತೆಂಗಿನನಾರು ನಿಗಮದ ಗುಮಾಸ್ತ ಗೋಪಾಲಸ್ವಾಮಿಗೆ ಅನ್ನ ರುಚಿಸುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಅದೇ ಸಂಬಳ. "ನಿಮ್ಮ ಬಿ.ಪಿ.ನೇ ವಾಸಿ ಕಣ್ರೀ, ವರ್ಷವರ್ಷ ಏರತ್ತೆ" ಎಂದು ಹೆಂಡತಿ ಶ್ರೀರಂಗಮ್ಮ ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ಅಕೌಂಟೆಂಟ್ ಚನ್ನೇಶ್ ಕುರ್ಚಿಯಿಂದ ಚಂಗನೆ ಎದ್ದ.

"ಸ್ವಾಮಿಗಳೇ! ಹಳೇ ಮಷೀನು ಗುಜರಿಗೆ ಹಾಕಿದ್ವಲ್ಲ, ನಷ್ಟ ಮುಚ್ಚೋಗೈತೆ. ಇನ್ನು ಮೂವತ್ತು ನಾರಿನ ಮ್ಯಾಟ್ ಮಾರಿದ್ರೆ ಲಾಭ! ಸಂಜೆ ಐದಕ್ಕೆ ಲೆಕ್ಕ ಕಳಿಸ್ಬೇಕು."

"ತೆಂಗು ಬೆಳೆಯೋ ಊರಲ್ಲಿ ನಾರು ಯಾರಪ್ಪ ಕೊಳ್ತಾರೆ?"

"ಹಳೇಬೀಡಿಗೆ ಹೋಗಿ. ಟೂರಿಸ್ಟ್ ಇರ್ತಾರೆ."

ಬಸ್ಸಿನಲ್ಲಿ ಕಂಡಕ್ಟರು ಮ್ಯಾಟಿಗೂ ಟಿಕೆಟ್ ಹರಿದ. ಟಿಕೆಟ್ ಪಡೆದ ಮ್ಯಾಟುಗಳು ಸೀಟಿನಲ್ಲಿ ಕೂತವು. ಗೋಪಾಲಸ್ವಾಮಿ ಹಳೇಬೀಡಿನವರೆಗೂ ನಿಂತೇ ಬಂದ.

ನಡುಮಧ್ಯಾಹ್ನ. ದೇವಸ್ಥಾನದ ಕಲ್ಲುಹಾಸು ದೋಸೆಕಲ್ಲಿನಂತೆ ಕಾದಿತ್ತು. ಚಪ್ಪಲಿ ಬಿಟ್ಟು ಬಂದವರೆಲ್ಲ ಕುಣಿಯುತ್ತಿದ್ದರು. ಗೋಪಾಲಸ್ವಾಮಿಯ ತಲೆ ಓಡಿತು. ಒಂದು ಸಲ ಕಾಲಿಟ್ಟು ನೋಡಲಿ, ತಾವಾಗಿಯೇ ಕೊಳ್ಳುತ್ತಾರೆ ಎಂದು ಒಂದು ಮ್ಯಾಟ್ ಹಾಸಿದ. ಜನ ಮುಗಿಬಿದ್ದರು. ಇನ್ನೊಂದು ಹಾಸಿದ, ಮತ್ತೊಂದು ಹಾಸಿದ. ಮೂವತ್ತೂ ಹಾಸಿ ಮುಗಿಯುವ ಹೊತ್ತಿಗೆ ಹೊರಬಾಗಿಲಿಂದ ಗುಡಿಯ ಮೆಟ್ಟಿಲವರೆಗೆ ದಾರಿಯೇ ಆಯಿತು. ಕೊಂಡವರು ಒಬ್ಬರೂ ಇಲ್ಲ.

"ಸರ್ಕಾರದೋರು ಕೊನೆಗೂ ನಮ್ಮ ಕಾಲು ನೋಡವ್ರೆ!" ಎಂದಳು ದರ್ಶನಕ್ಕೆ ಬಂದಿದ್ದ ಗೆಂಡೆಹಳ್ಳಿಯ ಅನುಸೂಯಮ್ಮ.

"ಮಾರೋಕೆ ಇಟ್ಟಿದೀನಿ ಕಣಮ್ಮ."

"ದೇವ್ರ ಮುಂದೆ ನಡೆಯಕ್ಕೂ ದುಡ್ಡಾ? ಒಳ್ಳೇದಾಗಕಿಲ್ಲ ಕಣಪ್ಪ!"

ನಾಲ್ಕು ಗಂಟೆಗೆ ಮೂವತ್ತೂ ಮ್ಯಾಟು ಧೂಳು ಕುಡಿದು ಕೂತಿದ್ದವು. ತುಳಿದ ಮಾಲನ್ನು ಹೊಸದೆಂದು ವಾಪಸ್ ಕೊಡಲು ಮನಸ್ಸು ಒಪ್ಪಲಿಲ್ಲ. ಗೋಪಾಲಸ್ವಾಮಿ ಕಣ್ಣು ಮುಚ್ಚಿ ಮೊಬೈಲಿನಲ್ಲೇ ನಿಗಮದ ಖಾತೆಗೆ ದುಡ್ಡು ಕಳಿಸಿ ತಾನೇ ಎಲ್ಲವನ್ನೂ ಕೊಂಡುಬಿಟ್ಟ. ಹೊಸ ಸಂಬಳ ಬಂದರೆ ಕೊಟ್ಟ ದುಡ್ಡು ಎರಡೇ ತಿಂಗಳಲ್ಲಿ ವಾಪಸ್ ಬರುತ್ತದಲ್ಲ! ಕೈ ಬರಿದಾದರೂ ನಿಗಮದ ಮೇಲೆ ಅವನಿಗೆ ಅವತ್ತು ಹುಟ್ಟಿದ ಹೆಮ್ಮೆ ದೊಡ್ಡದು.

ಆರಕ್ಕೆ ಮ್ಯಾಟಿನ ಕಟ್ಟು ಹೊತ್ತು ಆಫೀಸಿಗೆ ಬಂದ. ಚನ್ನೇಶ್ ಮೊಬೈಲು ಹಿಡಿದು ನಿಂತಿದ್ದ.

"ಐದೂವರೆಗೆ ಆದೇಶ ಬಂತು. ನಷ್ಟದ ನಿಗಮದೋರಿಗೂ ಹೊಸ ಸಂಬಳದ ಹಕ್ಕೈತಂತೆ. ದುಡ್ಡು ಸರ್ಕಾರಾನೇ ಕೊಡ್ತದಂತೆ."

"ಆಹಾ!"

"ಲಾಭದಲ್ಲಿರೋರು ಮಾತ್ರ ಅವರವರ ಲಾಭದಲ್ಲೇ ನೋಡ್ಕೋಬೇಕಂತೆ."

ಗೋಪಾಲಸ್ವಾಮಿ ಕಟ್ಟನ್ನು ನೆಲಕ್ಕಿಳಿಸಿದ. "ಲೆಕ್ಕ ಕಳಿಸ್ಬಿಟ್ಯಾ?"

"ಐದಕ್ಕೇ ಕಳಿಸ್ದೆ."

"ನಮ್ಮ ಲಾಭ ಎಷ್ಟಪ್ಪ?"

"ಇನ್ನೂರ ಹನ್ನೆರಡು ರೂಪಾಯಿ. ಖುಷೀಲಿ ಅಷ್ಟಕ್ಕೂ ಮೈಸೂರು ಪಾಕ್ ತರಿಸ್ಬಿಟ್ವಿ. ನಿಮ್ಮ ಪಾಲಿಂದು ಒಂದು ಪೀಸ್ ಇಟ್ಟಿದೀನಿ, ತಗೊಳ್ಳಿ."

ಗೋಪಾಲಸ್ವಾಮಿ ಮ್ಯಾಟಿನ ಕಟ್ಟಿನ ಮೇಲೆ ಕೂತು, ಹದಿನಾಲ್ಕು ವರ್ಷ ಕಾದ ತನ್ನ ಸಂಬಳ ಪರಿಷ್ಕರಣೆಯನ್ನು ನಿಧಾನವಾಗಿ ಅಗಿದು ನುಂಗಿದ.