ತೊರಗಲ್ ಕ್ವಾಟಿಯ ಆನಿ ಹುಡುಕಿಕೊಂಡು

ಸ್ವಲ್ಪ ಹತ್ರ ಸರದು ಕುಂಡ್ರಿ. ಬಾಗಲಾ ಮುಂದ ಮಾಡ್ರಿ, ನಮ್ಮ ಸೊಸಿ ಕಿವಿ ಬಾಳ ಉದ್ದ ಅದಾವ. ಈಗ ನಾ ಹೇಳೂದು ನಿಮ್ಮ ಕಿವಿಯಿಂದ ಒಳಗ ಹೋಗಿ ಹೊಟ್ಟ್ಯಾಗ ಕುಂಡ್ರಬೇಕು, ಬಾಯಿಗೆ ಬರಬಾರದು. ಆಣಿ ಮಾಡ್ರಿ ಮದಲ. ನಿನ್ನೆ ಗಿರಣ್ಯಾಗ ನಾಕು ಮಂದಿಗೆ ಹೇಳೇನಿ, ಅದು ಲೆಕ್ಕಕ್ಕಿಲ್ಲ, ಅವರು ನಮ್ಮವರ.

ನಮ್ಮ ಬೈಲಹೊಂಗಲದ ಓಣ್ಯಾಗ ಇಂಥಾವು ವಾರಕ್ಕೊಂದರೇ ಆಗತಾವ. ನಾ ಹುಡುಕಿಕೊಂಡು ಹೋಗೂದಿಲ್ಲರಿ. ಅವ ನನ್ನ ಕಟ್ಟಿಗೆ ಬಂದು ಕುಂಡ್ರತಾವ.

ಎದುರು ಮನಿಯಾಕಿ ಗೊತ್ತಲ್ಲ ನಿಮಗ? ತೆಳ್ಳಗ, ಮೆತ್ತಗ, ಬಾಯಾಗ ಬೆರಳಿಟ್ಟರೂ ಕಚ್ಚದಾಕಿ. ಅಕಿ ತವರಮನಿ ತೊರಗಲ್. ರಾಮದುರ್ಗ ತಾಲೂಕದಾಗ ಗುಡ್ಡದ ಮ್ಯಾಲೆ ದೊಡ್ಡ ಹಳೇ ಕ್ವಾಟಿ ಐತಲ್ಲ, ಅದ ತೊರಗಲ್. ಅಕಿ ಅಪ್ಪ ಆ ಕ್ವಾಟಿಯೊಳಗ ಆನಿ ಕಟ್ಟಿದ್ದನಂತ! ಗಿರಣ್ಯಾಗ ಅದ ಮಾತು, ಬಳಿಗಾರನ ಮುಂದ ಅದ ಮಾತು, ಯಾರದರೇ ಮದುವಿ ಮನಿಗೆ ಹೋದ್ರೂ ಅದ ಮಾತು. ಖರೇನ ಅಂತ ಕೇಳಿದ್ರ ಅಕಿ ಹೌದು ಅನ್ನೂದಿಲ್ಲ, ಅಲ್ಲ ಅನ್ನೂದಿಲ್ಲ. ಸೆರಗು ಬಾಯಿಗೆ ಹಿಡಕೊಂಡು ನಗತಾಳ. ಅಲ್ಲರಿ, ಆನಿ ಕಟ್ಟಿದ ಮನಿತನದ ಮಗಳು ನಮ್ಮ ಜೋಡಿ ನಳದ ಪಾಳೇಕ್ಕ ಕೊಡ ಹಿಡಕೊಂಡು ನಿಂದರತಾಳೇನು?

ಒಂದಿನ ನಳದ ಮುಂದ ನನಗ ತಡೀಲಿಲ್ಲ. ಎಲ್ಲಾರ ಎದುರಿಗೆ ಹೇಳಿಬಿಟ್ಟೆ: "ನಾ ತೊರಗಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬರತೇನಿ. ಆನಿ ಕಟ್ಟಿದ ಗುರುತು ಒಂದರೇ ಸಿಕ್ಕಿತು ಅಂದ್ರ ಶ್ರಾವಣ ಪೂರ್ತಿ ಯಾರ ಮನಿ ಸುದ್ದೀನೂ ಆಡೂದಿಲ್ಲ. ಸಿಗಲಿಲ್ಲ ಅಂದ್ರ ಅಕಿ ಇದ ನಳದ ಮುಂದ ನಿಂತು ಸುಳ್ಳು ಅಂತ ಒಪ್ಪಿಕೋಬೇಕು."

ಓಣಿ ಮಂದಿ ತುಂಬಿದ ಕೊಡ ಇಳಿಸಿ ಚಪ್ಪಾಳಿ ಹೊಡದ್ರು. ದೇವರಾಣಿ, ಅವರೆಲ್ಲಾರಿಗೂ ಆನಿ ಇರಲಿ ಅಂತನ ಆಸೆ ಇತ್ತು.

ಎದುರು ಮನಿಯಾಕಿ ಮೆತ್ತಗ ಅಂದ್ಲು: "ನಡೀರಿ ಯಕ್ಕಾರ, ನಾನೂ ಬರತೇನಿ. ತವರು ನೋಡಿ ಬಾಳ ವರ್ಷ ಆತು."

೧. ನಾ ಮನ್ಯಾಗ, ಪಿಶವಿ ಪ್ರಯಾಣದಾಗ

ಸಾಕ್ಷಿಗೆ ಒಬ್ಬರು ಬೇಕಲ್ಲ? ಮೂಲಿ ಮನಿ ಬಾಯಾರನ್ನ ಕರದೆ. ಸಾಲಿ ಕಲಿಸಿ ರಿಟಾಯರ್ ಆದಾಕಿ. ಮೂವತ್ತು ವರ್ಷ ಹುಡುಗರಿಗೆ ಸುಳ್ಳು ಹೇಳಬ್ಯಾಡ್ರಿ ಅಂತ ಕಲಿಸಿ, ಈಗ ತಲಿಗೆ ಕರೇ ಬಣ್ಣಾ ಹಚ್ಚಿಕೊಂಡು ಇದು ಹುಟ್ಟು ಬಣ್ಣಾ ಅಂತಾಳ. ಇರಲಿ, ಓದಾಕ ಬರತೈತಿ, ಸಾಕ್ಷಿಗೆ ಆದಾಳು.

ಮೂರೂ ಮಂದಿ ದಿನಾ ಹಿಡಿಯಾಕ ಕುಂತ್ವಿ. ಸೋಮವಾರ, ಶನಿವಾರ ಮೂಡಣ ದಿಕ್ಕಿಗೆ ಹೋಗಬಾರದು, ತೊರಗಲ್ ನಮಗ ಮೂಡಣಕ್ಕ. ಮಂಗಳಾರ, ಶುಕ್ರಾರ ಎಲ್ಲಮ್ಮನ ವಾರ, ಸವದತ್ತಿ ಬಸ್ಸಿನಾಗ ಕಾಲಿಡಾಕ ಜಾಗಾ ಇರೂದಿಲ್ಲ. ಬುಧವಾರ ಬಾಯಾರ ಮಗಳು ಫೋನ್ ಹಚ್ಚತಾಳ. ಗುರುವಾರ ಎದುರು ಮನಿಯಾಕಿದು ಉಪಾಸ. ಐತವಾರ ನನಗ ಅನುಕೂಲಿಲ್ಲ, ಅವತ್ತ ಓಣಿ ಮಂದಿಯೆಲ್ಲಾ ಮನ್ಯಾಗಿರತಾರ, ಸುದ್ದಿ ಬಾಳ.

ಬಾಯಾರು ಕನ್ನಡಕ ತಗದು ಅಂದ್ಲು: "ವಾರಕ್ಕ ಏಳ ದಿನ ಅದಾವ್ರಿ. ಎಂಟನೇದು ಎಲ್ಲಿಂದ ತರೂಣು?"

ನಾ ಬಿಡೂ ಪೈಕಿ ಅಲ್ಲ. ಇದಕ್ಕ ಹಿರೇರು ದಾರಿ ಮಾಡಿ ಇಟ್ಟಾರ. ಪರಸ್ಥಾನ ಇಡೂದು. ಅಂದ್ರ ಕೆಟ್ಟ ದಿನ ಹೋಗೂದು ಇದ್ರ, ಮದಲಿನ ಒಳ್ಳೇ ದಿನ ನಮ್ಮ ಗಂಟು ಇನ್ನೊಬ್ಬರ ಮನ್ಯಾಗ ಇಟ್ಟು ಬರೂದು. ಗಂಟು ಹೊಸ್ತಲಾ ದಾಟಿತು ಅಂದ್ರ ನಾವು ಹೊಂಟಂಗ ಲೆಕ್ಕ. ದೇವರಿಗೂ ಕಣ್ಣು ಕಟ್ಟತೈತಿ. ಸೋಮವಾರ ಹೋಗೂದು ಅಂತ ಗಟ್ಟಿ ಮಾಡಿ, ಐತವಾರ ಸಂಜಿಗೆ ನನ್ನ ಪಿಶವಿ ಬಾಯಾರ ಮನ್ಯಾಗ ಇಟ್ಟು ಬಂದೆ. ಒಂದು ಸೀರಿ, ಮೊಣಕಾಲಿನ ಎಣ್ಣಿ, ಎಲಿ ಅಡಕಿ ಚಂಚಿ. ರೊಟ್ಟಿ ಕಡಿಯೂದೈತಿ, ಮರೀಬಾರದು ಅಂತ ಹಲ್ಲಿನ ಸೆಟ್ಟೂ ಅದರಾಗ ಹಾಕಿದ್ದೆ.

ಸೋಮವಾರ ಎದ್ದು ನೋಡಿದ್ರ ಬಾಯಾರ ಮನಿಗೆ ಕೀಲಿ! ಬೆಳಗಾವಿ ಮಗಳಿಗೆ ಜ್ವರಾ ಅಂತ ಮದಲನೇ ಬಸ್ಸಿಗೇ ಓಡ್ಯಾಳ. ಮೂರು ದಿನ ನನ್ನ ಹಲ್ಲು ಅಕಿ ಮನಿ ಪಡಸಾಲ್ಯಾಗ, ನನ್ನ ಬಾಯಿ ಇಲ್ಲಿ. ಏನು ಮಾತಾಡಿದ್ರೂ ಬರೇ ಗಾಳಿ. ಅದೂ ಎಂಥಾ ಮೂರು ದಿನ! ಹಿಂದಿನ ಮನಿ ಗಂಡ ಹೆಂಡತಿ ಬೀದಿಗೆ ಬಂದು ಜಗಳ ಆಡಿದ್ರು, ನನ್ನ ಕೈಲೆ ಒಂದು ಮಾತು ಯಾರಿಗೂ ಮುಟ್ಟಸಾಕ ಆಗಲಿಲ್ಲ.

ನಾಕನೇ ದಿನ ಪಿಶವಿ ಬಂತು. ಹಲ್ಲು ಹಾಕಿಕೊಳ್ಳಾಕ್ಹತ್ತಿದ್ದೆ, ಸೊಸಿ ಚಾ ತಂದಿಟ್ಟು ಅಂದ್ಲು: "ಅತ್ತೀ, ತಿಂಗಳಾ ಒಂದೊಂದು ಸಲ ಹಿಂಗ ಪರಸ್ಥಾನ ಇಡ್ರೆಲಾ. ಮನಿ ಎಷ್ಟು ತಣ್ಣಗಿತ್ತು."

೨. ಕಾರ್ಡಿನ ಫೋಟೋ

ಮುಂದಿನ ವಾರ ಪಂಚಾಂಗ ಮಡಚಿ ಇಟ್ಟು ಸೀದಾ ಬಸ್ ಸ್ಟ್ಯಾಂಡಿಗೆ ಹೋದ್ವಿ. ಸವದತ್ತಿ ಮಟ ಒಂದು ಬಸ್ಸು, ಅಲ್ಲಿಂದ ರಾಮದುರ್ಗದ ಬಸ್ ಹತ್ತಿ ನಡುವ ತೊರಗಲ್ಲಿಗೆ ಇಳಿಯೂದು. ಹೆಣ್ಣಮಕ್ಕಳಿಗೆ ಈಗ ಬಸ್ಸು ಫ್ರೀ ನೋಡ್ರಿ, ಆಧಾರ್ ಕಾರ್ಡು ತೋರಸಿದ್ರಾತು.

ಕಂಡಕ್ಟರ್ ಬಂದ. ನಾ ಸೊಂಟದಾಗಿನ ಕಾರ್ಡು ತಗದು ಗತ್ತಿಲೆ ಕೊಟ್ಟೆ. ಅಂವ ಕಾರ್ಡು ನೋಡಿದ, ನನ್ನ ಮಾರಿ ನೋಡಿದ. ಮತ್ತ ಕಾರ್ಡು ನೋಡಿದ. ನನಗೂ ಸಂಶೆ ಬಂದು ಬಗ್ಗಿ ನೋಡಿದ್ರ, ಅದು ನಮ್ಮ ಸೊಸಿ ಕಾರ್ಡು! ಎರಡೂ ದೇವರ ಜಗಲಿ ಮ್ಯಾಲೆ ಒಂದರ ಮ್ಯಾಲೊಂದು ಇರತಾವ, ಅವಸರದಾಗ ಮ್ಯಾಲಿಂದು ಎತ್ತಿಕೊಂಡು ಬಂದೇನಿ.

ಈಗ ಇಳಿ ಅಂದ್ರ? ಓಣಿಗೆ ವಾಪಸ್ ಹೋದ್ರ ಮಂದಿ ನಕ್ಕಾರು, ಆನಿಗೆ ಅಂಜಿ ಬಂದ್ಲು ಅಂದಾರು. ನಾ ಸೀಟಿನ ಕಂಬಿ ಗಟ್ಟಿ ಹಿಡಕೊಂಡು ಕುಂತೆ.

"ಅಜ್ಜೀ, ಈ ಫೋಟೋದಾಗಿನ ಹುಡುಗಿ ಎಲ್ಲಿ?" ಅಂದ.

"ನಾನ ಅಪ್ಪಾ. ಕಾರ್ಡು ತಗೊಂಡು ಮನಿ ಬಿಟ್ಟಾಗ ಹಂಗ ಇದ್ದೆ. ನಿಮ್ಮ ಬಸ್ಸಿನ ದಾರಿ ಕಾದು ಕಾದು ಹಿಂಗ ಆಗೇನಿ."

೩. ಗುಡ್ಡಾ ಕಂಡರ ಬಿಡೂದಿಲ್ಲ

ಬಸ್ಸೆಲ್ಲಾ ನಕ್ಕದ್ದಕ್ಕ ಅಂವನೂ ನಕ್ಕು ಮುಂದ ಹೋದ. ಸವದತ್ತಿ ಮುಟ್ಟಿದ್ವಿ. ಅಲ್ಲೇ ಸಿಕ್ಕೊಂಡ್ವಿ ನೋಡ್ರಿ.

ಎಲ್ಲಮ್ಮನ ಗುಡ್ಡದ ಬುಡಕ ಬಂದು, ತಾಯಿಗೆ ಕೈ ಮುಗೀದ ಮುಂದ ಹೋದವರು ಯಾರರೇ ಉದ್ಧಾರ ಆಗ್ಯಾರೇನು? ಬಾಯಾರು ಅಂದ್ಲು, "ಐದು ನಿಮಿಷ ಹೋಗಿ ಬರೂಣ್ರಿ." ಎಲ್ಲಮ್ಮನ ಗುಡ್ಡಕ್ಕ ಐದು ನಿಮಿಷಕ್ಕ ಹೋಗಿ ಬಂದಾಕಿ ಇನ್ನೂ ಹುಟ್ಟಿಲ್ಲ. ಪಾಳೇ, ಭಂಡಾರ, ಉಧೋ ಉಧೋ. ಅಲ್ಲಿ ಬಾಯಾರ ದೂರದ ಬೀಗರು ಸಿಕ್ಕರು, ಹೋಳಗಿ ಮಾಡಿದ್ರು. ನೈವೇದ್ಯ ಆಗಿಂದ ಉಣ್ಣದ ಎದ್ದರ ತಾಯಿ ಸಿಟ್ಟಾಗತಾಳ. ಉಂಡ ಮ್ಯಾಲೆ ಒರಗದಿದ್ರ ಹೋಳಗಿ ಸಿಟ್ಟಾಗತೈತಿ. ಕಣ್ಣು ತಗದಾಗ ಹೊತ್ತು ಇಳದಿತ್ತು. ಹೊಳ್ಳಿ ಬೈಲಹೊಂಗಲಕ್ಕ ಬಂದ್ವಿ.

ನಳದ ಮುಂದ ಮಂದಿ ಕಾಯಾಕ್ಹತ್ತಿದ್ರು. "ಆನಿ ಸಿಕ್ಕಿತೇನ್ರಿ?"

"ದೇವಿ ಸಿಕ್ಕಿದ್ಲು" ಅಂತ ಹೇಳಿ ಒಳಗ ಹೋದೆ.

ಎರಡನೇ ಸಲ ನಾ ಹುಷಾರಾದೆ. ಸವದತ್ತಿ ಬರೂದಕ್ಕಿಂತ ಮದಲ ಹುಕುಂ ಮಾಡಿದೆ: "ಮೂರೂ ಮಂದಿ ಮಾರಿ ತುಂಬ ಸೆರಗು ಹೊದ್ದು ಕುಂಡ್ರೂದು. ಬಸ್ ಬದಲ ಮಾಡುವಾಗ ನೆಲಾ ನೋಡಿ ನಡಿಯೂದು. ಗುಡ್ಡಾ ಕಂಡರ ಹೋಗಬೇಕು. ಕಾಣಲಿಲ್ಲ ಅಂದ್ರ ತಾಯಿ ಯಾರನ್ನ ಕೇಳಬೇಕು?"

ಬಾಯಾರಿಗೆ ಇದು ಪಾಪ ಅನಿಸಿತು. ಆದರೂ ಹೊದ್ದುಕೊಂಡ್ಲು. ರಾಮದುರ್ಗದ ಬಸ್ ಹತ್ತಿ ಹಂಗ ಕುಂತ್ವಿ. ಸೆರಗಿನೊಳಗ ಕತ್ತಲ, ಕಿಡಕ್ಯಾಗ ತಂಪು ಗಾಳಿ, ಬಸ್ಸು ತೊಟ್ಟಲ ತೂಗಿದಂಗ ತೂಗತೈತಿ. ನಿದ್ದಿ ಯಾರಪ್ಪಂದು?

ಎಚ್ಚರಾದಾಗ ಬಸ್ ಖಾಲಿ. ರಾಮದುರ್ಗದ ಸ್ಟ್ಯಾಂಡು. ತೊರಗಲ್ ಹಿಂದ ಹೋಗಿ ಬಾಳ ಹೊತ್ತಾಗೇತಿ. ನನಗ ಸಿಟ್ಟು ನೆತ್ತಿಗೇರಿತು. ಕಂಡಕ್ಟರಗ ಕೇಳಿದೆ, "ಅಲ್ಲೋ ಅಪ್ಪಾ, ತೊರಗಲ್ ಬಂದಾಗ ಒಂದು ಮಾತು ಎಬ್ಬಸಬಾರದೇನು?"

ಅಂವ ಕೈ ಮುಗದು ಅಂದ: "ಮೂರೂ ಮಂದಿ ಮಾರಿ ಮುಚ್ಚಿಕೊಂಡು ಕುಂತಿದ್ರೆಬೇ. ಯಾರೋ ತೀರಿಕೊಂಡಾರ, ಮಣ್ಣಿಗೆ ಹೊಂಟಾರ ಅಂತ ತಿಳದು, ದುಃಖದಾಗ ಯಾಕ ಮಾತಾಡಸೂದು ಅಂತ ಸುಮ್ಮನಾದೆ. ಪಾಪ, ಡ್ರೈವರನೂ ಹಾಡು ಬಂದ್ ಮಾಡಿದ್ದ!"

೪. ಕ್ವಾಟಿ ಒಳಗ

ಎರಡು ಸಲ ಬರಿಗೈಲೆ ಬಂದ ಮ್ಯಾಲೆ ಓಣ್ಯಾಗ ನನ್ನ ಮಾತಿಗೆ ಕಿಮ್ಮತ್ತ ಉಳೀಲಿಲ್ಲ. ಸೊಸಿ ಆಗಲೇ ಎಲ್ಲಾರಿಗೂ ಹೇಳಾಕ್ಹತ್ತಿದ್ಲು, ಈ ಶ್ರಾವಣ ನಮ್ಮ ಅತ್ತಿ ಮೌನ ಅಂತ. ನಾ ಹಟ ಬಿಡಲಿಲ್ಲ. ಮೊಣಕಾಲಿಗೆ ಎಣ್ಣಿ ತಿಕ್ಕಿ, ನನ್ನ ಕಾರ್ಡು ನಾನ ಎರಡು ಸಲ ನೋಡಿ ಇಟ್ಟುಕೊಂಡೆ. ಈ ಸಲ ಸವದತ್ತಿಯೊಳಗ ಕಣ್ಣು ತಗದು, ಗುಡ್ಡದ ಕಡೆ ಮಾರಿ ಮಾಡಿ, "ತಾಯೀ, ಬರೂವಾಗ ಹಣ್ಣು ಕಾಯಿ ಮಾಡಸ್ತೇನಿ, ಹೋಗೂವಾಗ ಮಾತ್ರ ತಡೀಬ್ಯಾಡ" ಅಂತ ಸೀದಾ ಕೇಳಿಕೊಂಡೆ. ತಾಯಿ ಒಪ್ಪಿದ್ಲು. ಬಾಯಿ ಬಿಟ್ಟು ಕೇಳಿದ್ರ ಮುಗೀತಿತ್ತು, ಎರಡು ಬುತ್ತಿ ಸುಮ್ಮನ ಹಾಳಾದ್ವು.

ತೊರಗಲ್ಲಿಗೆ ಇಳದು ಏರಾಕ ಹತ್ತಿದ್ವಿ. ಹತ್ತು ಹೆಜ್ಜಿಗೊಮ್ಮಿ ಕುಂಡ್ರತೇನಿ, ಏಳತೇನಿ. ಎದುರು ಮನಿಯಾಕಿ ಮಾತ್ರ ಸಣ್ಣ ಹುಡುಗಿಯಂಗ ಮುಂದ ಮುಂದ. ಕ್ವಾಟಿ ದೊಡ್ಡದು ಹೌದು ಬಿಡ್ರಿ, ಸುಳ್ಳು ಯಾಕ ಹೇಳಬೇಕು. ಅಷ್ಟೆತ್ತರ ಅಗಸಿ ಬಾಗಲಾ, ಕುತಗಿ ನೋಯುವಂಗ ಮ್ಯಾಲೆ ನೋಡಬೇಕು. ಆದರ ಒಳಗ? ಬಿದ್ದ ಗ್ವಾಡಿ, ಉರುಳಿದ ಕಲ್ಲು, ಜಾಲಿಕಂಟಿ. ನನ್ನ ಜೀವಕ್ಕ ತಂಪಾತು. ಆನಿ ಇಲ್ಲಿ ಎಲ್ಲಿ ಕಟ್ಟಿದ್ದಾರು?

ಒಬ್ಬ ಮುದುಕ ಆಡು ಮೇಯಸಾಕ್ಹತ್ತಿದ್ದ. ಬಾಯಾರು ಸಾಕ್ಷಿಗೆ ಹತ್ರ ಬರಲಿ ಅಂತ ಕಾದು, ಗಟ್ಟಿಯಾಗಿ ಕೇಳಿದೆ: "ಯಜ್ಜಾ, ಇಲ್ಲಿ ಆನಿ ಕಟ್ಟತಿದ್ದ ಜಾಗಾ ಯಾವುದೋ?"

ಅಂವ ನನ್ನ ತೆಳಗಿಂದ ಮ್ಯಾಲಿನ ತನಕ ನೋಡಿದ. "ಆನಿನ? ಹುಟ್ಟಿದಾಗಿಂದ ಇಲ್ಲೇ ಅದೇನಿ ತಂಗೀ. ಇಷ್ಟು ದೊಡ್ಡ ಜೀವ ಇಲ್ಲಿ ಏರಿ ಬಂದದ್ದು ಇವತ್ತ ನೋಡಾಕ್ಹತ್ತೇನಿ."

ಬಾಯಾರು ನಕ್ಕು ಕಲ್ಲ ಮ್ಯಾಲೆ ಕುಂತುಬಿಟ್ಲು. ನಗಲಿ ಬಿಡ್ರಿ, ಗೆದ್ದದ್ದು ನಾನ. ಎದುರು ಮನಿಯಾಕಿನ್ನ ಹುಡುಕಿದೆ. ಅಕಿ ಆ ಕಡೆ ಒಂದು ಮೂಲ್ಯಾಗ ಮುರಕ ಗ್ವಾದಲಿ ಮುಂದ ಕುಂತಿದ್ಲು. ದನಾ ಮೇಯೂ ಗ್ವಾದಲಿ, ಅಷ್ಟ. ಅದರಾಗಿನ ಕಸಾ ತಗದು ಸೆರಗಿಲೆ ಕಲ್ಲು ಒರಸಾಕ್ಹತ್ತಿದ್ಲು. ಕಣ್ಣಾಗ ನೀರೂ ಇದ್ದುವು ಅನಸತೈತಿ. ನಾ ಅದನ್ನ ನೋಡಿದ್ರೂ ನಿಲ್ಲಲಿಲ್ಲ. ಇಷ್ಟು ಗುಡ್ಡಾ ಏರಿ ಬಂದೇನಿ, ಹಂಗ ಬಿಡಲೇನು?

ಸೊಂಟದ ಮ್ಯಾಲೆ ಕೈ ಇಟ್ಟು ಕೇಳಿದೆ: "ಏನವಾ, ತೋರಸು ಈಗ. ನಿಮ್ಮಪ್ಪ ಕಟ್ಟಿದ ಆನಿ ಎಲ್ಲೈತಿ? ನಳದ ಮುಂದ ಸುಳ್ಳು ಅಂತ ಹೇಳತೀಯೋ ಇಲ್ಲೋ?"

ಅಕಿ ಎದ್ದು ನಿಂತ್ಲು. ಇಷ್ಟು ವರ್ಷದಾಗ ಮದಲನೇ ಸಲ ಸೆರಗು ಬಾಯಿಗೆ ಹಿಡೀಲಿಲ್ಲ. ನನ್ನ ಮಾರಿಗೆ ಮಾರಿ ಕೊಟ್ಟು, ಬಾಯಾರ ಎದುರಿಗೇ ಅಂದ್ಲು:

"ಯಕ್ಕಾರ, ನಾ ಗಂಡನ ಮನಿಗೆ ನಡಿಯಾಕ ಬಂದ ವರ್ಷ ನಿಮ್ಮ ಕಟ್ಟಿ ಮ್ಯಾಲೆ ಕುಂಡ್ರಿಸಿಕೊಂಡು ತವರಿನ ಸುದ್ದಿ ಕೇಳಿದ್ರಿ. ನಮ್ಮಪ್ಪ ಕ್ವಾಟ್ಯಾಗ ಎರಡು ಎಮ್ಮಿ ಕಟ್ಯಾನ ಅಂತ ಹೇಳಿದೆ. ಮುಂಜಾನೆ ನಿಮ್ಮ ಬಾಯಿಂದ ಎಮ್ಮಿಯಾಗಿ ಹೊಂಟಿದ್ದು, ಓಣಿ ತಿರುಗಿ ಸಂಜಿಗೆ ಗಿರಣಿಯಿಂದ ಆನಿಯಾಗಿ ಬಂತು. ಮೇವು ಹಾಕಿ ಬೆಳಸಿದವರು ನೀವು. ಈಗ ಎಲ್ಲಿ ಬಿಟ್ಟಿ ಅಂತ ನನ್ನ ಕೇಳಿದ್ರ?"